ಹಡಗಿನ ಹೆಸರೇ ಅವಳ ಹೆಸರಾಯಿತು: ಗುಲಾಮಗಿರಿಯಲ್ಲಿದ್ದೇ ಕವಯಿತ್ರಿಯಾದ ಫಿಲಿಸ್ ವೀಟ್ಲಿ

ಅದು 1761ರ ಜುಲೈ ತಿಂಗಳು. ಅಮೆರಿಕದ ಬಾಸ್ಟನ್ ಬಂದರಿಗೆ ಫಿಲಿಸ್ ಎಂಬ ಹಡಗು ಬಂತು. ಅದರಲ್ಲಿದ್ದ ಸರಕು ಮನುಷ್ಯರೇ. ಪಶ್ಚಿಮ ಆಫ್ರಿಕಾದಿಂದ ಹಿಡಿದು ತಂದ ಆ ಜನರ ನಡುವೆ ಬಡಕಲು ದೇಹದ ಒಬ್ಬ ಪುಟ್ಟ ಹುಡುಗಿಯಿದ್ದಳು. ಮುಂದಿನ ಹಾಲುಹಲ್ಲುಗಳು ಬಿದ್ದಿದ್ದವು. ಅದನ್ನು ನೋಡಿ ಏಳೆಂಟು ವರ್ಷ ಇರಬಹುದು ಎಂದು ಅಂದಾಜು ಹಾಕಿದರು.

ಅವಳ ಊರು ಯಾವುದು, ತಂದೆ ತಾಯಿ ಇಟ್ಟ ಹೆಸರೇನು ಎಂದು ಯಾರೂ ಬರೆದಿಡಲಿಲ್ಲ. ಬಾಸ್ಟನ್‌ನ ವ್ಯಾಪಾರಿ ಜಾನ್ ವೀಟ್ಲಿ ತನ್ನ ಪತ್ನಿ ಸುಸಾನಾಳ ಸೇವೆಗೆಂದು ಅವಳನ್ನು ಕೊಂಡುಕೊಂಡ. ಹಡಗಿನ ಹೆಸರು, ಯಜಮಾನನ ಮನೆತನದ ಹೆಸರು ಎರಡನ್ನೂ ಸೇರಿಸಿದರು. ಹುಡುಗಿ ಫಿಲಿಸ್ ವೀಟ್ಲಿ ಆದಳು.

ಮುಂದೆ ಹನ್ನೆರಡೇ ವರ್ಷಗಳಲ್ಲಿ ಇದೇ ಹುಡುಗಿ, ಕವನ ಸಂಕಲನ ಪ್ರಕಟಿಸಿದ ಮೊದಲ ಆಫ್ರಿಕನ್ ಅಮೆರಿಕನ್ ಎನಿಸಿಕೊಂಡಳು. ಅಮೆರಿಕ ಎಂಬ ದೇಶ ಆಗಿನ್ನೂ ಹುಟ್ಟಿರಲಿಲ್ಲ!

ಕಾನೂನೇ ಕಟ್ಟಿದ ಸಂಕೋಲೆ

ಫಿಲಿಸ್ ಬಂದಿಳಿದಾಗ ಆ ನೆಲ ಬ್ರಿಟಿಷರ ವಸಾಹತಾಗಿತ್ತು. ಗುಲಾಮಗಿರಿ ಎಂದರೆ ದಕ್ಷಿಣದ ಹೊಗೆಸೊಪ್ಪು, ಹತ್ತಿ ತೋಟಗಳೇ ನಮಗೆ ನೆನಪಾಗುತ್ತವೆ. ಆದರೆ ಉತ್ತರದ ಮ್ಯಾಸಚೂಸೆಟ್ಸ್ 1641ರಷ್ಟು ಹಿಂದೆಯೇ ಗುಲಾಮಗಿರಿಗೆ ಕಾನೂನಿನಲ್ಲಿ ಜಾಗ ಕೊಟ್ಟಿತ್ತು. ತಾಯಿ ಗುಲಾಮಳಾದರೆ ಮಗುವೂ ಗುಲಾಮ ಎಂದು ವರ್ಜೀನಿಯಾ 1662ರಲ್ಲಿ ಕಾನೂನು ಮಾಡಿತು. ಹೀಗೆ ಕಪ್ಪು ಜನರ ಪಾಲಿಗೆ ಬಂಧನ ಎಂಬುದು ಹುಟ್ಟಿನಿಂದಲೇ ಬರುವ ಬಳುವಳಿಯಾಯಿತು.

ಯುರೋಪಿನಿಂದ ಬಂದ ಬಡವರೂ ಹಡಗಿನ ಖರ್ಚು ತೀರಿಸಲು ಕೆಲ ವರ್ಷ ಜೀತ ಮಾಡುತ್ತಿದ್ದರು. ಆದರೆ ಅವರ ಕರಾರಿಗೆ ಒಂದು ಕೊನೆಯ ದಿನ ಇರುತ್ತಿತ್ತು. ಫಿಲಿಸ್‌ಳಂಥವರಿಗೆ ಅದೂ ಇರಲಿಲ್ಲ.

ಹದಿನಾರು ತಿಂಗಳಲ್ಲಿ ಇಂಗ್ಲಿಷ್

ವೀಟ್ಲಿ ದಂಪತಿಯ ಮಗಳು ಮೇರಿ ಆ ಹುಡುಗಿಗೆ ಅಕ್ಷರ ಕಲಿಸಿದಳು. ಸುಮಾರು ಹದಿನಾರು ತಿಂಗಳಲ್ಲಿ ಫಿಲಿಸ್ ಬೈಬಲ್‌ನ ಕಷ್ಟದ ಭಾಗಗಳನ್ನೂ ಓದಬಲ್ಲವಳಾದಳು ಎಂದು ಸ್ವತಃ ಜಾನ್ ವೀಟ್ಲಿ ಬರೆದಿದ್ದಾನೆ. ಲ್ಯಾಟಿನ್ ಕಲಿಕೆಯೂ ಶುರುವಾಯಿತು. 1767ರಲ್ಲಿ ನ್ಯೂಪೋರ್ಟ್‌ನ ಪತ್ರಿಕೆಯೊಂದರಲ್ಲಿ ಅವಳ ಮೊದಲ ಕವಿತೆ ಅಚ್ಚಾಯಿತು. ಆಗ ಅವಳಿಗೆ ಹದಿಮೂರು-ಹದಿನಾಲ್ಕು ವರ್ಷ.

1770ರಲ್ಲಿ ಹೆಸರಾಂತ ಧರ್ಮಪ್ರಚಾರಕ ಜಾರ್ಜ್ ವೈಟ್‌ಫೀಲ್ಡ್ ತೀರಿಕೊಂಡಾಗ ಫಿಲಿಸ್ ಬರೆದ ಚರಮಗೀತೆ ಕಡಲಾಚೆಯ ಲಂಡನ್‌ಗೂ ತಲುಪಿತು. ಎಲ್ಲೆಡೆ ಅವಳ ಹೆಸರು ಕೇಳಿಬರತೊಡಗಿತು. ಆದರೆ ಕಾನೂನಿನ ಕಣ್ಣಲ್ಲಿ ಅವಳು ಇನ್ನೂ ವೀಟ್ಲಿ ಮನೆಯ ಆಸ್ತಿ.

ಬರೆದದ್ದು ನೀನೇನಾ?

1772ರಲ್ಲಿ ಕವಿತೆಗಳನ್ನು ಪುಸ್ತಕವಾಗಿ ತರುವ ಪ್ರಯತ್ನ ಬಾಸ್ಟನ್‌ನಲ್ಲಿ ನಡೆಯಿತು. ಮುಂಗಡ ಚಂದಾದಾರರು ಸಾಕಷ್ಟು ಸಿಗಲಿಲ್ಲ. ಆಫ್ರಿಕಾದ ಹೆಣ್ಣೊಬ್ಬಳು ಇಂಥ ಕವಿತೆ ಬರೆಯಬಲ್ಲಳೇ ಎಂಬ ಅನುಮಾನ ಬೇರೆ.

ಈ ಅನುಮಾನ ಪರಿಹರಿಸಲು ಒಂದು ಪ್ರಮಾಣಪತ್ರ ತಯಾರಾಯಿತು. ಬಾಸ್ಟನ್‌ನ ಹದಿನೆಂಟು ಗಣ್ಯರು ಅದಕ್ಕೆ ತಮ್ಮ ಹೆಸರು ಹಾಕಿದರು. ಗವರ್ನರ್ ಥಾಮಸ್ ಹಚಿನ್ಸನ್ ಮತ್ತು ಮುಂದೆ ಸ್ವಾತಂತ್ರ್ಯ ಘೋಷಣೆಗೆ ಸಹಿ ಮಾಡಿದ ಜಾನ್ ಹ್ಯಾನ್ಕಾಕ್ ರಾಜಕೀಯದಲ್ಲಿ ಎದುರಾಳಿಗಳು. ಆ ಇಬ್ಬರ ಹೆಸರೂ ಈ ಪತ್ರದಲ್ಲಿದೆ! ಬಿಳಿಯ ಕವಿ ಯಾರಿಂದಲೂ ಇಂಥ ಪುರಾವೆಯನ್ನು ಯಾರೂ ಕೇಳುತ್ತಿರಲಿಲ್ಲ.

ಲಂಡನ್‌ನಲ್ಲಿ ತೆರೆದಿದ್ದ ಬಾಗಿಲು

1773ರಲ್ಲಿ ಯಜಮಾನನ ಮಗ ನಥಾನಿಯಲ್ ಜೊತೆ ಫಿಲಿಸ್ ಲಂಡನ್‌ಗೆ ಹೋದಳು. ಹಂಟಿಂಗ್ಡನ್ ಕೌಂಟೆಸ್ ಅವಳ ಪುಸ್ತಕಕ್ಕೆ ಆಶ್ರಯದಾತೆಯಾದಳು. ಬೆಂಜಮಿನ್ ಫ್ರ್ಯಾಂಕ್ಲಿನ್ ಬಂದು ಭೇಟಿಯಾದರು. ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದ ಗ್ರ್ಯಾನ್‌ವಿಲ್ ಶಾರ್ಪ್ ಅವಳಿಗೆ ಲಂಡನ್ ಟವರ್ ತೋರಿಸಿದರು.

ಈ ಶಾರ್ಪ್ ಹೆಸರಿಗೆ ವಿಶೇಷ ಅರ್ಥವಿದೆ. ಇಂಗ್ಲೆಂಡಿಗೆ ಕರೆತಂದ ಗುಲಾಮನನ್ನು ಬಲವಂತವಾಗಿ ಹೊರಗೆ ಸಾಗಿಸುವಂತಿಲ್ಲ ಎಂದು 1772ರಲ್ಲಿ ಸಾಮರ್ಸೆಟ್ ಪ್ರಕರಣದಲ್ಲಿ ಲಾರ್ಡ್ ಮ್ಯಾನ್ಸ್‌ಫೀಲ್ಡ್ ತೀರ್ಪು ಕೊಟ್ಟಿದ್ದರು. ಆ ಪ್ರಕರಣದ ಹಿಂದಿನ ಶಕ್ತಿ ಇದೇ ಶಾರ್ಪ್. ಅಂದರೆ, ಫಿಲಿಸ್ ಲಂಡನ್‌ನಲ್ಲೇ ಉಳಿಯುತ್ತೇನೆ ಎಂದಿದ್ದರೆ ಅವಳನ್ನು ಹಡಗು ಹತ್ತಿಸುವುದು ಸುಲಭವಿರಲಿಲ್ಲ.

ಆದರೆ ಸುಸಾನಾ ಕಾಯಿಲೆ ಬಿದ್ದ ಸುದ್ದಿ ಬಂತು. ಪುಸ್ತಕ ಹೊರಬರುವ ಮೊದಲೇ ಫಿಲಿಸ್ ಬಾಸ್ಟನ್‌ಗೆ ಮರಳಿದಳು. ಅದೇ ವರ್ಷದ ಶರತ್ಕಾಲದಲ್ಲಿ ವೀಟ್ಲಿ ಕುಟುಂಬ ಅವಳನ್ನು ಬಿಡುಗಡೆ ಮಾಡಿತು. ಇಂಗ್ಲೆಂಡಿನ ಸ್ನೇಹಿತರ ಒತ್ತಾಸೆಯಿಂದ ಇದಾಯಿತು ಎಂದು ಅವಳೇ ಪತ್ರವೊಂದರಲ್ಲಿ ತಿಳಿಸಿದ್ದಾಳೆ. ಪುಸ್ತಕದ ಮಾರಾಟವೇ ಇನ್ನು ತನ್ನ ಜೀವನಾಧಾರ, ಕದ್ದು ಮುದ್ರಿಸುವವರ ಮೇಲೆ ಕಣ್ಣಿಡಿ ಎಂದು ಅದೇ ಪತ್ರದಲ್ಲಿ ಕೇಳಿಕೊಂಡಳು.

ಪುಸ್ತಕದ ಪ್ರತಿಗಳು ಬಾಸ್ಟನ್‌ಗೆ ಬಂದದ್ದು ಡಾರ್ಟ್‌ಮತ್ ಎಂಬ ಹಡಗಿನಲ್ಲಿ. 1773ರ ಡಿಸೆಂಬರ್‌ನಲ್ಲಿ ತೆರಿಗೆ ವಿರೋಧಿಸಿ ಜನರು ಚಹಾ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದರಲ್ಲ, ಆ ಹಡಗುಗಳಲ್ಲಿ ಇದೂ ಒಂದು.

ಯಾರ ಸ್ವಾತಂತ್ರ್ಯ?

ಸುತ್ತಲೂ ಸ್ವಾತಂತ್ರ್ಯದ ಘೋಷಣೆ ಮೊಳಗುತ್ತಿತ್ತು. 1774ರಲ್ಲಿ ಫಿಲಿಸ್, ಮೊಹೀಗನ್ ಬುಡಕಟ್ಟಿನ ಪಾದ್ರಿ ಸ್ಯಾಮ್ಸನ್ ಆಕಮ್‌ಗೆ ಒಂದು ಪತ್ರ ಬರೆದಳು. ಬಿಡುಗಡೆಯ ಹಂಬಲವನ್ನು ದೇವರು ಪ್ರತಿ ಮನುಷ್ಯನ ಎದೆಯಲ್ಲೂ ಇಟ್ಟಿದ್ದಾನೆ, ಸ್ವಾತಂತ್ರ್ಯಕ್ಕಾಗಿ ಕೂಗುತ್ತಲೇ ಇನ್ನೊಬ್ಬರನ್ನು ತುಳಿಯುವವರ ನಡೆ ನುಡಿಗೆ ತಾಳೆಯಿಲ್ಲ ಎಂಬುದು ಅದರ ಸಾರ. ಪತ್ರಿಕೆಗಳು ಅದನ್ನು ಅಚ್ಚು ಹಾಕಿದವು.

1775ರಲ್ಲಿ ಅವಳು ಸೇನಾಪತಿ ಜಾರ್ಜ್ ವಾಷಿಂಗ್ಟನ್‌ಗೆ ಕವಿತೆ ಬರೆದು ಕಳುಹಿಸಿದಳು. ನೂರಾರು ಗುಲಾಮರನ್ನು ದುಡಿಸಿಕೊಂಡಿದ್ದ ವಾಷಿಂಗ್ಟನ್ ಅವಳಿಗೆ ಗೌರವದಿಂದಲೇ ಉತ್ತರಿಸಿದರು.

ಕೊನೆಯ ದಿನಗಳು

ಸುಸಾನಾ 1774ರಲ್ಲಿ, ಜಾನ್ ವೀಟ್ಲಿ 1778ರಲ್ಲಿ ತೀರಿಕೊಂಡರು. ಅದೇ ವರ್ಷ ಫಿಲಿಸ್, ಜಾನ್ ಪೀಟರ್ಸ್ ಎಂಬ ಸ್ವತಂತ್ರ ಕಪ್ಪು ವ್ಯಾಪಾರಿಯನ್ನು ಮದುವೆಯಾದಳು. ಯುದ್ಧದಿಂದಾಗಿ ಬೆಲೆಗಳು ಗಗನಕ್ಕೇರಿದ್ದವು, ಕೈಯಲ್ಲಿ ಕಾಸಿರಲಿಲ್ಲ. 1779ರಲ್ಲಿ 33 ಕವಿತೆ, 13 ಪತ್ರಗಳ ಎರಡನೇ ಪುಸ್ತಕಕ್ಕೆ ಚಂದಾದಾರರು ಬೇಕೆಂದು ಜಾಹೀರಾತು ಕೊಟ್ಟಳು. ಈ ಸಲವೂ ಜನ ಮುಂದೆ ಬರಲಿಲ್ಲ. ಗಂಡ ಸಾಲದ ಕಾರಣಕ್ಕೆ ಜೈಲು ಸೇರಿದ. 1784ರ ಡಿಸೆಂಬರ್ 5ರಂದು ಫಿಲಿಸ್ ಕೊನೆಯುಸಿರೆಳೆದಳು. ಆಗ ಅವಳಿಗೆ ಸುಮಾರು 31 ವರ್ಷ.

ಸತ್ತ ಮೇಲೂ ಅನುಮಾನ ಬಿಡಲಿಲ್ಲ. ಎಲ್ಲರೂ ಸಮಾನರು ಎಂಬ ಘೋಷಣೆಯನ್ನು ಬರೆದ ಥಾಮಸ್ ಜೆಫರ್ಸನ್ನೇ ತಮ್ಮ ಪುಸ್ತಕದಲ್ಲಿ ಫಿಲಿಸ್‌ಳ ಬರಹ ಕವಿತೆಯೇ ಅಲ್ಲ ಎಂಬರ್ಥದಲ್ಲಿ ತಳ್ಳಿಹಾಕಿದರು. 1790ರಲ್ಲಿ ಹೊಸ ದೇಶ ತನ್ನ ಮೊದಲ ಪೌರತ್ವ ಕಾನೂನು ಮಾಡಿತು. ವಲಸೆ ಬಂದವರಲ್ಲಿ ಸ್ವತಂತ್ರ ಬಿಳಿಯರು ಮಾತ್ರ ಪ್ರಜೆಗಳಾಗಬಹುದು ಎಂದಿತು. ಆ ವರ್ಷದ ಮೊದಲ ಜನಗಣತಿಯಲ್ಲಿ ಸಿಕ್ಕ ಗುಲಾಮರ ಸಂಖ್ಯೆ ಹತ್ತಿರ ಹತ್ತಿರ 7 ಲಕ್ಷ.

ಈ ಬಿಳಿಯರು ಎಂಬ ಪದದ ಬಿಸಿ ಭಾರತೀಯರಿಗೂ ತಟ್ಟಿದೆ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದ ಪಂಜಾಬ್ ಮೂಲದ ಭಗತ್ ಸಿಂಗ್ ಥಿಂಡ್ ಅವರಿಗೆ 1923ರಲ್ಲಿ ಸುಪ್ರೀಂ ಕೋರ್ಟ್ ಇದೇ ಕಾರಣ ಹೇಳಿ ಪೌರತ್ವ ನಿರಾಕರಿಸಿತು. ಭಾರತೀಯರಿಗೆ ಆ ಬಾಗಿಲು ತೆರೆದದ್ದು 1946ರಲ್ಲಿ. ಇಂದು ವೀಸಾ, ಗ್ರೀನ್ ಕಾರ್ಡ್ ಎಂದು ಕಾಯುವ ನಮ್ಮವರು ಈ ಹಳೆಯ ಕಥೆಯನ್ನೂ ತಿಳಿದಿರಬೇಕು.

2003ರಿಂದ ಬಾಸ್ಟನ್‌ನ ಕಾಮನ್‌ವೆಲ್ತ್ ಅವೆನ್ಯೂನಲ್ಲಿ ಫಿಲಿಸ್‌ಳ ಪ್ರತಿಮೆಯಿದೆ. ಮಾರಾಟದ ಸರಕಾಗಿ ಬಂದಿಳಿದ ಊರಿನಲ್ಲೇ ಇಂದು ಅವಳಿಗೆ ಗೌರವದ ಜಾಗ ಸಿಕ್ಕಿದೆ. ಆದರೆ ಚಂದಾದಾರರಿಲ್ಲದೆ ನಿಂತುಹೋದ ಆ ಎರಡನೇ ಪುಸ್ತಕದ ಪೂರ್ಣ ಹಸ್ತಪ್ರತಿ ಮಾತ್ರ ಇಂದಿಗೂ ಸಿಕ್ಕಿಲ್ಲ.