ಊರು ಕಟ್ಟಿದವನ ಅರ್ಜಿ

ನಮ್ಮ ಇತಿಹಾಸದ ಪಠ್ಯದಲ್ಲಿ ಪಾಸ್ಟೋರಿಯಸ್ ಎಂಬ ಹೆಸರಿಗೆ ಸಿಕ್ಕಿದ್ದು ಒಂದೇ ಒಂದು ಸಾಲು. 1683ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಜರ್ಮನ್‌ಟೌನ್ ಎಂಬ ಊರನ್ನು ಸ್ಥಾಪಿಸಿದವನು, ಅಷ್ಟೆ. ಪರೀಕ್ಷೆಗೆ ಅಷ್ಟು ಸಾಕು. ನಾನೂ ಅಷ್ಟಕ್ಕೇ ಬಿಟ್ಟುಬಿಡುತ್ತಿದ್ದೆನೋ ಏನೋ. ಆದರೆ ಈತ ದುಡಿಯುವವರಿಗಾಗಿ ಸಂಜೆಯ ಹೊತ್ತು ಶಾಲೆ ನಡೆಸುತ್ತಿದ್ದ ಎಂದು ಇನ್ನೊಂದು ಪುಸ್ತಕದಲ್ಲಿ ಕಂಡಾಗ ಕಣ್ಣು ಅಲ್ಲೇ ನಿಂತಿತು. ಮುಂಬಯಿಯ ಕನ್ನಡಿಗರ ಮನೆಯಲ್ಲಿ ಬೆಳೆದವರಿಗೆ ರಾತ್ರಿಶಾಲೆ ಅಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಅಪ್ಪ ಕುಂದಾಪುರದ ಕಡೆಯಿಂದ ಹದಿಮೂರನೇ ವಯಸ್ಸಿಗೆ ಇಲ್ಲಿಗೆ ಬಂದು, ಹಗಲು ಫೋರ್ಟಿನ ಹೋಟೆಲೊಂದರಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಕನ್ನಡ ಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತಲೇ ಎಸ್ಸೆಸ್ಸಿ ಮುಗಿಸಿದವರು. ಮುನ್ನೂರು ವರ್ಷಗಳ ಹಿಂದಿನ ಜರ್ಮನ್ ಒಬ್ಬನ ಕಥೆಯನ್ನು ನಾನು ಹುಡುಕಿಕೊಂಡು ಓದಿದ್ದು ಈ ಕಾರಣಕ್ಕೆ. ಅದನ್ನು ಇಲ್ಲಿ ಬರೆಯುವುದಕ್ಕೆ ಇನ್ನೊಂದು ಕಾರಣವೂ ಇದೆ. ಅದನ್ನು ಕೊನೆಗೆ ಹೇಳುತ್ತೇನೆ.

ಫ್ರಾನ್ಸಿಸ್ ಡೇನಿಯಲ್ ಪಾಸ್ಟೋರಿಯಸ್ ಹುಟ್ಟಿದ್ದು 1651ರ ಸೆಪ್ಟೆಂಬರ್ 26ರಂದು, ಜರ್ಮನಿಯ ಫ್ರಾಂಕೋನಿಯ ಸೀಮೆಯ ಸೊಮ್ಮರ್‌ಹೌಸನ್ ಎಂಬಲ್ಲಿ. ಮತದ ಹೆಸರಿನಲ್ಲಿ ಮೂವತ್ತು ವರ್ಷ ನಡೆದ ಯುದ್ಧ ಮುಗಿದು ಆಗ ಮೂರು ವರ್ಷವಾಗಿತ್ತಷ್ಟೆ. ತಂದೆ ಕಾನೂನು ಬಲ್ಲವರು, ಅನುಕೂಲವಂತರು. ಮಗನೂ ಅದೇ ದಾರಿ ಹಿಡಿದ. ಸ್ಟ್ರಾಸ್‌ಬರ್ಗ್, ಯೇನಾ ಮುಂತಾದ ಕಡೆ ಓದಿ, 1676ರಲ್ಲಿ ಆಲ್ಟ್‌ಡಾರ್ಫ್ ವಿಶ್ವವಿದ್ಯಾಲಯದಿಂದ ಕಾನೂನಿನಲ್ಲಿ ಡಾಕ್ಟರ್ ಪದವಿ ಪಡೆದ. ಭಾಷೆಗಳೆಂದರೆ ಅವನಿಗೆ ಊಟವಿದ್ದ ಹಾಗೆ. ಲ್ಯಾಟಿನ್, ಫ್ರೆಂಚ್, ಇಟಾಲಿಯನ್, ಡಚ್, ಇಂಗ್ಲಿಷ್ ಎಲ್ಲವನ್ನೂ ಒಂದೊಂದಾಗಿ ಕಲಿತುಕೊಂಡ. 1679ರಲ್ಲಿ ಫ್ರಾಂಕ್‌ಫರ್ಟ್ ನಗರಕ್ಕೆ ಬಂದು ವಕೀಲಿ ಶುರುಮಾಡಿದ.

ಇಲ್ಲಿಗೆ ಒಬ್ಬ ಸುಖೀ ವಕೀಲನ ಕಥೆ ಮುಗಿಯಬಹುದಿತ್ತು. 1680ರಿಂದ ಎರಡು ವರ್ಷ ಶ್ರೀಮಂತ ಮನೆತನದ ತರುಣನೊಬ್ಬನ ಜೊತೆಗಾರನಾಗಿ ಹಾಲೆಂಡ್, ಇಂಗ್ಲೆಂಡ್, ಫ್ರಾನ್ಸ್, ಸ್ವಿಟ್ಜರ್‌ಲೆಂಡ್ ಸುತ್ತಿ ಬಂದ. ನೋಡಿದ್ದು ಬಹಳ, ಮನಸ್ಸಿಗೆ ಹಿಡಿಸಿದ್ದು ಕಡಿಮೆ. ದೊಡ್ಡವರ ಮನೆಗಳ ಆಡಂಬರ, ಕುಣಿತ, ಕುಡಿತ, ಒಣ ಮಾತು ಅವನಿಗೆ ಬೇಸರ ತರಿಸಿತ್ತು. ಊರಿಗೆ ಹಿಂತಿರುಗಿದಾಗ ಫ್ರಾಂಕ್‌ಫರ್ಟಿನ ಅವನ ಗೆಳೆಯರ ಬಾಯಲ್ಲಿ ಒಂದೇ ಸುದ್ದಿ. ಇಂಗ್ಲೆಂಡಿನ ವಿಲಿಯಂ ಪೆನ್ ಎಂಬಾತ ಕಡಲಾಚೆ ಒಂದು ಪ್ರಾಂತವನ್ನು ಪಡೆದಿದ್ದಾನೆ, ಅಲ್ಲಿ ಯಾವ ಮತದವರನ್ನೂ ಹಿಂಸಿಸುವುದಿಲ್ಲವಂತೆ ಎಂದು. ಪೆನ್ ಕ್ವೇಕರ್ ಪಂಥದವನು. ಈ ಪಂಥದವರಿಗೆ ಪುರೋಹಿತರಿಲ್ಲ. ಸಭೆಯಲ್ಲಿ ಮೌನವಾಗಿ ಕೂರುತ್ತಾರೆ. ಆಣೆ ಇಡುವುದಿಲ್ಲ, ಕತ್ತಿ ಹಿಡಿಯುವುದಿಲ್ಲ. ಫ್ರಾಂಕ್‌ಫರ್ಟಿನ ಭಕ್ತ ಗೆಳೆಯರು ಸೇರಿ ಒಂದು ಕಂಪನಿ ಮಾಡಿ, ಪೆನ್‌ನಿಂದ 15,000 ಎಕರೆ ಜಮೀನು ಕೊಳ್ಳುವುದೆಂದು ತೀರ್ಮಾನಿಸಿದರು. ಎಲ್ಲರೂ ಹೊರಡುವ ಮಾತಾಡಿದರು. ಹೊರಟವನು ಪಾಸ್ಟೋರಿಯಸ್ ಒಬ್ಬನೇ. ಕಂಪನಿಯ ಏಜೆಂಟನಾಗಿ ಅವನು ಮುಂದೆ ಹೋದ. ಉಳಿದ ಪಾಲುದಾರರು ಹಿಂದಿನಿಂದ ಬರುತ್ತೇವೆಂದವರು ಬರಲೇ ಇಲ್ಲ.

1683ರ ಜೂನಿನಲ್ಲಿ ಇಂಗ್ಲೆಂಡಿನ ಡೀಲ್ ಬಂದರಿನಿಂದ ಹೊರಟ ಹಡಗಿನ ಹೆಸರು ಅಮೆರಿಕ. ಅದರಲ್ಲಿ ವೈದ್ಯ, ಬಡಗಿ, ಕಮ್ಮಾರ, ದರ್ಜಿ, ಚಮ್ಮಾರ, ತೋಟಗಾರ ಹೀಗೆ ಎಂಬತ್ತರಷ್ಟು ಜನ. ಪಾಸ್ಟೋರಿಯಸ್ಸನ ಜೊತೆಗಿದ್ದವರಲ್ಲೇ ಕ್ಯಾಥೊಲಿಕರು, ಲೂಥರನರು, ಕಾಲ್ವಿನ್ ಪಂಥದವರು ಎಲ್ಲ ಸೇರಿದ್ದರು. ಇದನ್ನು ಅವನು ನೋಹನ ನಾವೆಗೆ ಹೋಲಿಸಿ ಬರೆದಿದ್ದಾನೆ. ವೇಲ್ಸಿನ ಥಾಮಸ್ ಲಾಯ್ಡ್ ಎಂಬ ವಿದ್ವಾಂಸನೂ ಅದೇ ಹಡಗಿನಲ್ಲಿದ್ದ. ಒಬ್ಬರ ಮಾತು ಒಬ್ಬರಿಗೆ ಸರಿಯಾಗಿ ತಿಳಿಯದ ಇಬ್ಬರೂ ಲ್ಯಾಟಿನ್ನಿನಲ್ಲಿ ಹರಟೆ ಹೊಡೆಯುತ್ತ ಕಡಲು ದಾಟಿದರು. ಆ ಸ್ನೇಹ ಕೊನೆಯತನಕ ಉಳಿಯಿತು.

ಆಗಸ್ಟ್ 20ರಂದು ಫಿಲಡೆಲ್ಫಿಯ ತಲುಪಿದಾಗ ಅಲ್ಲಿ ಇದ್ದದ್ದು ಕೆಲವೇ ಗುಡಿಸಲು, ಉಳಿದದ್ದೆಲ್ಲ ಕಾಡು. ಡಾಕ್ಟರ್ ಪದವಿಯ ವಕೀಲನ ಮೊದಲ ಬಿಡಾರ ಡೆಲವೇರ್ ನದಿಯ ದಂಡೆಯಲ್ಲಿ ಮಣ್ಣು ಅಗೆದು ಮಾಡಿದ ಒಂದು ಗವಿ. ಆಮೇಲೆ ಮೂವತ್ತು ಅಡಿ ಉದ್ದ, ಹದಿನೈದು ಅಡಿ ಅಗಲದ ಮನೆ ಕಟ್ಟಿಕೊಂಡ. ಕಿಟಕಿಗೆ ಗಾಜಿಲ್ಲ, ಎಣ್ಣೆ ಬಳಿದ ಕಾಗದ. ಬಾಗಿಲ ಮೇಲೆ ಮಾತ್ರ ಲ್ಯಾಟಿನ್ ಬರಹ: ಮನೆ ಚಿಕ್ಕದಾದರೂ ಸಜ್ಜನರಿಗೆ ಅದು ಗೆಳೆಯ, ದುರ್ಜನರು ದೂರವೇ ಇರಲಿ ಎಂಬ ಅರ್ಥದ್ದು. ಅದನ್ನು ನೋಡಿ ಪ್ರಾಂತದ ಒಡೆಯನಾದ ಪೆನ್ ಜೋರಾಗಿ ನಕ್ಕನಂತೆ.

ಅಕ್ಟೋಬರ್ 6ರಂದು ಕಾನ್ಕರ್ಡ್ ಎಂಬ ಹಡಗಿನಲ್ಲಿ ಕ್ರೆಫೆಲ್ಡ್ ಪಟ್ಟಣದ ಹದಿಮೂರು ಕುಟುಂಬಗಳು ಬಂದಿಳಿದವು. ಹೆಚ್ಚಿನವರು ನಾರುಬಟ್ಟೆ ನೇಯುವ ನೇಕಾರರು. ಸ್ವಂತ ಊರಿನಲ್ಲಿ ಮತದ ಕಾರಣಕ್ಕೆ ಬೇಸತ್ತು ಬಂದವರು. ಅದೇ ತಿಂಗಳ ಕೊನೆಗೆ ಪಾಸ್ಟೋರಿಯಸ್ಸನ ಗವಿಯಲ್ಲಿ ಕೂತು ಚೀಟಿ ಎತ್ತಿ ನಿವೇಶನ ಹಂಚಿಕೊಂಡರು. ಫಿಲಡೆಲ್ಫಿಯದಿಂದ ಆರು ಮೈಲಿ ದೂರದ ಕಾಡಿನಲ್ಲಿ ಊರು ಎದ್ದಿತು. ನಡುವೆ ಅರವತ್ತು ಅಡಿಯ ಹೆದ್ದಾರಿ, ಅಡ್ಡರಸ್ತೆಗೆ ನಲವತ್ತು ಅಡಿ, ಮನೆಗೂ ತೋಟಕ್ಕೂ ಸೇರಿ ಮೂರು ಮೂರು ಎಕರೆ. ಹೆಸರು ಜರ್ಮನ್‌ಟೌನ್. ಮೊದಲ ವರ್ಷಗಳ ಬಡತನ ನೋಡಿ ಕೆಲವರು ಅದನ್ನು ಆರ್ಮೆನ್‌ಟೌನ್ ಎಂದು ತಮಾಷೆ ಮಾಡುತ್ತಿದ್ದರು. ಜರ್ಮನ್ನಿನಲ್ಲಿ ಬಡವರ ಊರು ಎಂದರ್ಥ. ಊರಿನ ಮುದ್ರೆಗೆ ಪಾಸ್ಟೋರಿಯಸ್ ಆರಿಸಿದ್ದು ದ್ರಾಕ್ಷಿ ಬಳ್ಳಿ, ಅಗಸೆ ಹೂ, ನೇಕಾರನ ನೂಲುಂಡೆ. ಸಿಂಹವಿಲ್ಲ, ಕತ್ತಿಯಿಲ್ಲ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸು ಒಪ್ಪುವುದಿಲ್ಲ. ಕಾಡು ಅಂದೆ. ಅದು ಯಾರದೂ ಅಲ್ಲದ ಕಾಡಲ್ಲ. ಲೆನಾಪೆ ಎಂಬ ಮೂಲ ನಿವಾಸಿಗಳ ನೆಲ. ಪೆನ್ ಅವರಿಗೆ ಬೆಲೆ ಕೊಟ್ಟು ಕೊಂಡ, ನಿಜ. ಪಾಸ್ಟೋರಿಯಸ್ ಕೂಡ ಅವರ ಪ್ರಾಮಾಣಿಕತೆಯನ್ನು ಮೆಚ್ಚಿ ಬರೆದ, ಅದೂ ನಿಜ. ಆದರೆ ಪೆನ್ ತೀರಿಕೊಂಡ ಮೇಲೆ, 1737ರಲ್ಲಿ, ಅವನ ಮಕ್ಕಳು ಒಂದೂವರೆ ದಿನದಲ್ಲಿ ನಡೆದಷ್ಟು ದೂರದ ನೆಲ ನಮ್ಮದು ಎಂಬ ಹಳೆಯ ಕರಾರು ತೋರಿಸಿ, ನಡೆಯುವ ಬದಲು ಓಟಗಾರರನ್ನು ಓಡಿಸಿ, ಲೆನಾಪೆಯವರ ಬಹುದೊಡ್ಡ ಪ್ರದೇಶವನ್ನೇ ಕಸಿದುಕೊಂಡರು. ಒಳ್ಳೆಯವರು ಬಂದು ಊರು ಕಟ್ಟಿದರೂ ಅಲ್ಲಿ ಮೊದಲು ಇದ್ದವರಿಗೆ ಒಳ್ಳೆಯದಾಗಲಿಲ್ಲ.

ಇನ್ನು 1688ರ ಸಂಗತಿಗೆ ಬರುತ್ತೇನೆ. ನನ್ನ ಮಟ್ಟಿಗೆ ಈ ಜೀವನದ ತಿರುಳು ಅದೇ. ನೆಮ್ಮದಿ ಹುಡುಕಿ ಬಂದ ಈ ಪ್ರಾಂತದಲ್ಲಿ ಕಪ್ಪು ಜನರನ್ನು ಆಫ್ರಿಕದಿಂದ ಹಿಡಿದು ತಂದು ಮಾರುತ್ತಿದ್ದರು. ಕೊಳ್ಳುವವರಲ್ಲಿ ಸಜ್ಜನರೆನಿಸಿದ ಕ್ವೇಕರರೂ ಇದ್ದರು. ಪೆನ್ನನೂ ಗುಲಾಮರನ್ನು ಇಟ್ಟುಕೊಂಡಿದ್ದ. ಆ ವರ್ಷದ ಏಪ್ರಿಲಿನಲ್ಲಿ ಜರ್ಮನ್‌ಟೌನಿನ ನಾಲ್ವರು ಇದು ತಪ್ಪೆಂದು ಒಂದು ಅರ್ಜಿ ಬರೆದು ಸಹಿ ಹಾಕಿದರು. ಗ್ಯಾರೆಟ್ ಹೆಂಡ್ರಿಕ್ಸ್, ಡೆರಿಕ್ ಮತ್ತು ಅಬ್ರಹಾಂ ಆಪ್‌ ಡೆನ್ ಗ್ರಾಫ್ ಎಂಬ ಅಣ್ಣತಮ್ಮಂದಿರು, ಹಾಗೂ ಪಾಸ್ಟೋರಿಯಸ್. ಅಮೆರಿಕದ ಇಂಗ್ಲಿಷ್ ವಸಾಹತುಗಳಲ್ಲಿ ಗುಲಾಮಗಿರಿಯನ್ನು ಖಂಡಿಸಿ ಜನ ಸೇರಿ ಬರೆದ ಮೊದಲ ಅರ್ಜಿ ಇದೆಂದು ಹೇಳುತ್ತಾರೆ.

ಅದರ ಇಂಗ್ಲಿಷ್ ಒರಟು. ವ್ಯಾಕರಣ ಅಲ್ಲಲ್ಲಿ ಎಡವುತ್ತದೆ. ಪರಭಾಷೆಯಲ್ಲಿ ತಿಣುಕುತ್ತ ಬರೆದದ್ದು ಎಂದು ಯಾರಿಗಾದರೂ ತಿಳಿಯುತ್ತದೆ. ಆದರೆ ವಾದ ಮಾತ್ರ ವಕೀಲನದೇ. ಕಡಲಿನಲ್ಲಿ ಬರುವಾಗ ದೂರದ ಹಡಗು ಕಂಡರೆ ತುರ್ಕರು ಬಂದು ನಮ್ಮನ್ನು ಹಿಡಿದು ಮಾರಿಬಿಡುತ್ತಾರೆಂದು ನಾವು ನಡುಗಲಿಲ್ಲವೆ, ಈಗ ನಾವು ಮಾಡುತ್ತಿರುವುದು ಅದಕ್ಕಿಂತ ಮೇಲೇನು ಎಂದು ಕೇಳುತ್ತದೆ. ನಮಗೆ ಮಾಡಬಾರದೆಂದು ಬಯಸುವುದನ್ನು ನಾವು ಯಾವ ಬಣ್ಣದವರಿಗೂ ಮಾಡಬಾರದು ಅನ್ನುತ್ತದೆ. ಕದಿಯುವುದು ತಪ್ಪಾದರೆ ಕದ್ದ ಮಾಲು ಕೊಳ್ಳುವುದೂ ತಪ್ಪಲ್ಲವೆ, ಇವರು ಕದ್ದು ತಂದ ಮನುಷ್ಯರಲ್ಲವೆ ಎಂಬುದು ಇನ್ನೊಂದು ಪ್ರಶ್ನೆ. ಈ ಜನ ಒಂದು ದಿನ ತಮ್ಮ ಬಿಡುಗಡೆಗೆ ಎದ್ದು ನಿಂತರೆ, ಕತ್ತಿ ಹಿಡಿಯುವುದಿಲ್ಲ ಎನ್ನುವ ನೀವು ಆಗ ಏನು ಮಾಡುತ್ತೀರಿ ಎಂಬ ಇರಿಯುವ ಪ್ರಶ್ನೆಯೂ ಇದೆ.

ಅರ್ಜಿಗೆ ಏನಾಯಿತು? ಕ್ವೇಕರರ ತಿಂಗಳ ಸಭೆ ಅದನ್ನು ಓದಿ, ವಿಷಯ ಬಹಳ ತೂಕದ್ದು, ನಮ್ಮಿಂದಾಗದು ಎಂದು ಮೂರು ತಿಂಗಳ ಸಭೆಗೆ ಕಳಿಸಿತು. ಅವರು ವರ್ಷದ ಸಭೆಗೆ ಕಳಿಸಿದರು. ವರ್ಷದ ಸಭೆಯವರು ಈಗ ತೀರ್ಪು ಕೊಡುವುದು ಸರಿಯಲ್ಲ ಎಂದು ಬದಿಗಿಟ್ಟರು. ಯಾರೂ ಅದನ್ನು ತಪ್ಪು ಅನ್ನಲಿಲ್ಲ, ಹರಿದು ಹಾಕಲಿಲ್ಲ. ಬದಿಗಿಟ್ಟರು, ಅಷ್ಟೆ. ಅದೇ ಸಭೆ ಗುಲಾಮರನ್ನು ಇಟ್ಟುಕೊಳ್ಳಬಾರದೆಂದು ತನ್ನವರಿಗೆಲ್ಲ ನಿಷೇಧ ಹಾಕಿದ್ದು 1776ರಲ್ಲಿ. ನಡುವೆ ಎಂಬತ್ತೆಂಟು ವರ್ಷ. ಆ ಎಂಬತ್ತೆಂಟು ವರ್ಷಗಳಲ್ಲಿ ಎಷ್ಟು ಜನ ಹುಟ್ಟಿ, ದುಡಿದು, ಗುಲಾಮರಾಗಿಯೇ ಸತ್ತರೋ! ಅರ್ಜಿಯ ಮೂಲ ಕಾಗದ 1844ರಲ್ಲಿ ಸಿಕ್ಕಿತು, ಮತ್ತೆ ಕಳೆಯಿತು, 2005ರಲ್ಲಿ ಪುನಃ ಸಿಕ್ಕಿತು.

ಪಾಸ್ಟೋರಿಯಸ್ಸನ ಉಳಿದ ಬದುಕಿನಲ್ಲಿ ದೊಡ್ಡ ಗೆಲುವೇನೂ ಇಲ್ಲ. ಅದೇ 1688ರಲ್ಲಿ ಮದುವೆಯಾದ, ಇಬ್ಬರು ಗಂಡುಮಕ್ಕಳಾದರು. 1689ರಲ್ಲಿ ಊರಿಗೆ ಸ್ವಂತ ಆಡಳಿತದ ಸನ್ನದು ಸಿಕ್ಕಿತು. ಅವನೇ ಮೊದಲ ಬೇಲಿಫ್, ಅಂದರೆ ಊರಿನ ಮುಖ್ಯಸ್ಥ. ಆದರೆ ನೇಕಾರರಿಗೆ ಮಗ್ಗ ಬೇಕು, ಅಧಿಕಾರ ಬೇಡ. ಹುದ್ದೆಗೆ ಜನ ಸಿಗದೆ 1707ರ ಹೊತ್ತಿಗೆ ಸನ್ನದೇ ಹೋಯಿತು. ಕಂಪನಿಯ ಜಮೀನನ್ನು 1709ರಲ್ಲಿ ಸ್ಪ್ರೋಗೆಲ್ ಎಂಬಾತ ಕೋರ್ಟಿನ ಮೂಲಕ ಹೊಡೆದುಕೊಂಡ. ಪ್ರಾಂತದಲ್ಲಿದ್ದ ಬೆರಳೆಣಿಕೆಯ ವಕೀಲರನ್ನೆಲ್ಲ ಅವನು ಮೊದಲೇ ಹಣ ಕೊಟ್ಟು ತನ್ನ ಕಡೆ ಮಾಡಿಕೊಂಡಿದ್ದಾನೆಂದು ಪಾಸ್ಟೋರಿಯಸ್ ದೂರು ಬರೆದ. ಕಾನೂನಿನ ಡಾಕ್ಟರನಿಗೇ ವಕೀಲರು ಸಿಗದ ಸ್ಥಿತಿ!

ಅವನ ಕೈಹಿಡಿದದ್ದು ಮೇಷ್ಟ್ರ ಕೆಲಸ. 1698ರಿಂದ ಎರಡು ವರ್ಷ ಫಿಲಡೆಲ್ಫಿಯದ ಕ್ವೇಕರ್ ಶಾಲೆಯಲ್ಲಿ, 1702ರಿಂದ ಜರ್ಮನ್‌ಟೌನಿನಲ್ಲೇ. ಹುಡುಗರು, ಹುಡುಗಿಯರು ಒಟ್ಟಿಗೆ ಕಲಿಯುತ್ತಿದ್ದರು. ಹಗಲು ದುಡಿಯುವವರಿಗೂ ವಯಸ್ಸು ಮೀರಿದವರಿಗೂ ಸಂಜೆ ಪಾಠ. ಮನೆಯಲ್ಲಿ ಮಕ್ಕಳಿಗಾಗಿ ಒಂದು ದಪ್ಪ ಹಸ್ತಪ್ರತಿ ಬರೆಯುತ್ತ ಹೋದ. ಹೆಸರು ಜೇನುಗೂಡು. ಹೂವಿನಿಂದ ಹೂವಿಗೆ ಹೋಗುವ ಜೇನಿನಂತೆ, ತಾನು ಓದಿದ್ದರಲ್ಲಿ ಒಳ್ಳೆಯದನ್ನೆಲ್ಲ ಅದರಲ್ಲಿ ಕೂಡಿಟ್ಟ. ನಡುನಡುವೆ ಜರ್ಮನ್, ಲ್ಯಾಟಿನ್ ಮುಂತಾದ ಭಾಷೆಗಳಿದ್ದರೂ ಬಹುಪಾಲು ಇಂಗ್ಲಿಷಿನಲ್ಲಿದೆ. ಮಕ್ಕಳು ಇಂಗ್ಲಿಷ್ ವಸಾಹತಿನಲ್ಲಿ ಹುಟ್ಟಿದವರು, ಅವರ ಮುಂದಿನ ಭಾಷೆ ಅದೇ ಎಂದು ಅವನಿಗೆ ಗೊತ್ತಿತ್ತು. ಮನೆಯಲ್ಲಿ ಕನ್ನಡ, ಹೊರಗೆ ಇನ್ನೊಂದು ಎಂದು ಬೆಳೆದ ನಮಗೆ ಆ ತಂದೆಯ ಸಂಕಟ ಅರ್ಥವಾದೀತು. 1719ರ ಕೊನೆಯಲ್ಲೋ 1720ರ ಮೊದಲ ದಿನಗಳಲ್ಲೋ ಅವನು ತೀರಿಕೊಂಡ. ಜೇನುಗೂಡು ಈಗ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿದೆ. ಜರ್ಮನ್‌ಟೌನ್ 1854ರಲ್ಲಿ ಫಿಲಡೆಲ್ಫಿಯ ನಗರದಲ್ಲಿ ಸೇರಿಹೋಯಿತು.

ಈಗ ಆ ಇನ್ನೊಂದು ಕಾರಣ. ಅಪ್ಪ ಕೆಲಸ ಬಿಟ್ಟು ಊರಿಗೆ ಹೋದ ಮೇಲೆ ನಾನು ಹಾಸ್ಟೆಲಿನಲ್ಲಿದ್ದೇನೆ. ಹೋದ ವರ್ಷ ನಮ್ಮ ಮೆಸ್ಸಿನಲ್ಲಿ ತಟ್ಟೆ ಎತ್ತಲು ಒಬ್ಬ ಹುಡುಗ ಬಂದ. ಹನ್ನೆರಡು ವರ್ಷ ಇರಬಹುದು. ರಾಯಚೂರು ಕಡೆಯವನು, ನಮ್ಮ ಕನ್ನಡ ಕೇಳಿ ನಗುತ್ತಿದ್ದ. ತಂದೆ ಮುಂಗಡ ತೆಗೆದುಕೊಂಡಿದ್ದಾನೆ, ಅದು ತೀರುವತನಕ ಸಂಬಳ ಇಲ್ಲ ಎಂದು ಮೆಲ್ಲಗೆ ಹೇಳಿದ. ಇದು ಗುಲಾಮಗಿರಿಯೇ ಎಂದು ನಾನು ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುತ್ತಿಲ್ಲ. ಆದರೆ ಸರಿಯಲ್ಲ ಎಂದು ತಿಳಿಯಲು ತಕ್ಕಡಿ ಬೇಕಾಗಲಿಲ್ಲ. ನಮ್ಮ ಸಂಘದ ಕೆಲವರು ಸೇರಿ ಹಾಸ್ಟೆಲ್ ಸಮಿತಿಗೆ ಒಂದು ಅರ್ಜಿ ಕೊಟ್ಟೆವು. ವಿಷಯ ಗಂಭೀರವಾದದ್ದು, ಮುಂದಿನ ಸಭೆಗೆ ಇಡೋಣ ಅಂದರು. ಮುಂದಿನ ಸಭೆ ಪರೀಕ್ಷೆಯ ನಂತರಕ್ಕೆ ಹೋಯಿತು. ಅಷ್ಟರಲ್ಲಿ ಹುಡುಗ ಕಾಣಲಿಲ್ಲ. ಅವನ ಜಾಗಕ್ಕೆ ಅವನಷ್ಟೇ ಎತ್ತರದ ಇನ್ನೊಬ್ಬ ಬಂದಿದ್ದಾನೆ.

ಆ ಅರ್ಜಿಯನ್ನು ಬರೆದವನು ನಾನು. ಭಾಷೆ ಚೆನ್ನಾಗಿದೆ ಎಂದು ಎಲ್ಲರೂ ಹೊಗಳಿದರು. ಐದು ಜನ ಸಹಿ ಹಾಕಿದರು. ನಾನು ಹಾಕಲಿಲ್ಲ. ರೂಮಿನ ನವೀಕರಣ ಅದೇ ಸಮಿತಿಯ ಕೈಯಲ್ಲಿತ್ತು. ಅಪ್ಪನಿಗೆ ಇದನ್ನು ಇದುವರೆಗೆ ಹೇಳಿಲ್ಲ. ಈ ಸಂಚಿಕೆಯನ್ನು ಅವರಿಗೂ ಕಳಿಸುತ್ತೇನೆ, ಓದುತ್ತಾರೆ.

ಎರಡನೇ ಅರ್ಜಿಯ ಕರಡು ಸಂಘದ ಕಪಾಟಿನಲ್ಲಿ, ಹಾಜರಿ ಪುಸ್ತಕದ ಕೆಳಗಿದೆ. ಈ ಸಲ ಮೊದಲ ಸಹಿ ಹಾಕಿಯೇ ಇಟ್ಟಿದ್ದೇನೆ. ಮನಸ್ಸಿದ್ದವರು ಶನಿವಾರದ ಸಭೆಗೆ ಮುಂಚೆ ಬಂದು ಓದಿ ನೋಡಿ. ತಪ್ಪಿದ್ದರೆ ತಿದ್ದೋಣ.