ಗ್ರಾಂಟ್ ಬರೆಯದೇ ಬಿಟ್ಟ ಎಂಟು ವರ್ಷ

ಯುಲಿಸಿಸ್ ಎಸ್. ಗ್ರಾಂಟ್ ಅಂದರೆ ಕುಡುಕ, ಭ್ರಷ್ಟರ ನಡುವೆ ಕೂತ ಪೆದ್ದ ಅಧ್ಯಕ್ಷ. ಅಮೆರಿಕದಲ್ಲಿ ಹಲವು ತಲೆಮಾರು ಓದಿದ್ದು ಇದನ್ನೇ. ಈ ಚಿತ್ರ ಬರೆದವರು ಯಾರು ಅಂತ ನೋಡಿದರೆ ಅಲ್ಲೊಂದು ರಾಜಕೀಯ ಇದೆ.

1822ರಲ್ಲಿ ಒಹಾಯೋದಲ್ಲಿ ಚರ್ಮ ಹದ ಮಾಡುವವರ ಮನೆಯಲ್ಲಿ ಹುಟ್ಟಿದ ಗ್ರಾಂಟ್, ಸೈನ್ಯ ಬಿಟ್ಟ ಮೇಲೆ ಸೇಂಟ್ ಲೂಯಿಸ್ ಬೀದಿಗಳಲ್ಲಿ ಸೌದೆ ಮಾರಿದರು. ಹೆಂಡತಿಯ ತವರಿನಲ್ಲಿ ಗುಲಾಮರಿದ್ದರು. ಗ್ರಾಂಟ್ ಹೆಸರಲ್ಲೂ ವಿಲಿಯಂ ಜೋನ್ಸ್ ಎಂಬ ಒಬ್ಬ ಗುಲಾಮ ಇದ್ದ. ಕೈಯಲ್ಲಿ ಕಾಸಿಲ್ಲದ 1859ರಲ್ಲೂ ಆತನನ್ನು ಮಾರದೆ ಬಿಡುಗಡೆ ಮಾಡಿದರು. ಆರು ವರ್ಷದ ನಂತರ, ಗುಲಾಮಗಿರಿ ಉಳಿಸಲು ಹೊರಟಿದ್ದ ದಕ್ಷಿಣದ ಸೇನಾನಿ ರಾಬರ್ಟ್ ಲೀ ಶರಣಾಗಿದ್ದು ಇದೇ ಗ್ರಾಂಟ್ ಮುಂದೆ.

1869ರಿಂದ 1877ರವರೆಗೆ ಅವರು ಅಧ್ಯಕ್ಷ. 1870ರ 15ನೇ ತಿದ್ದುಪಡಿಯಿಂದ ಕಪ್ಪು ಗಂಡಸರಿಗೆ ಮತದಾನದ ಹಕ್ಕು ಸಿಕ್ಕಿತು. ವೋಟು ಹಾಕಲು ಹೊರಟವರನ್ನು ಕು ಕ್ಲಕ್ಸ್ ಕ್ಲಾನ್ ಕೊಲ್ಲುತ್ತಿತ್ತು. ಗ್ರಾಂಟ್ ಸುಮ್ಮನೆ ಕೂರಲಿಲ್ಲ. 1871ರಲ್ಲಿ ಕಾಯ್ದೆ ಬಂತು, ದಕ್ಷಿಣ ಕೆರೊಲಿನಾದ 9 ಕೌಂಟಿಗಳಿಗೆ ಸೈನ್ಯ ಹೋಯಿತು, ನೂರಾರು ಜನ ಬಂಧನವಾದರು. ಆ ಕಾಲದ ಕ್ಲಾನ್‌ನ ಬೆನ್ನು ಮುರಿಯಿತು.

ಹಗರಣಗಳು ಸುಳ್ಳಲ್ಲ. ವಿಸ್ಕಿ ತೆರಿಗೆ ನುಂಗಿದ ಕೇಸಿನಲ್ಲಿ ಆರೋಪಿಯಾದ ತಮ್ಮದೇ ಕಾರ್ಯದರ್ಶಿಯ ಪರವಾಗಿ ಗ್ರಾಂಟ್ ಸಾಕ್ಷಿ ಹೇಳಿದರು. ಅದಕ್ಕಿಂತ ದೊಡ್ಡ ಸೋಲು ಮಿಸಿಸಿಪ್ಪಿಯದ್ದು. 1873ರ ಆರ್ಥಿಕ ಕುಸಿತದ ನಂತರ ಉತ್ತರದ ಮತದಾರರಿಗೆ ದಕ್ಷಿಣದ ಕಪ್ಪು ಜನರ ಗೋಳು ಸಾಕಾಗಿತ್ತು. 1875ರ ಚುನಾವಣೆಗೆ ಮುಂಚೆ ಅಲ್ಲಿನ ಗವರ್ನರ್ ಸೈನ್ಯ ಕೇಳಿದರು. ಗ್ರಾಂಟ್ ಕಳಿಸಲಿಲ್ಲ. ಬಂದೂಕು ಹಿಡಿದವರೇ ಗೆದ್ದರು.

1884ರಲ್ಲಿ ಪಾಲುದಾರನ ವಂಚನೆಯಿಂದ ದಿವಾಳಿಯಾದರು, ಜೊತೆಗೆ ಗಂಟಲು ಕ್ಯಾನ್ಸರ್. ಮನೆಯವರಿಗೆ ನಾಲ್ಕು ಕಾಸು ಉಳಿಸಬೇಕೆಂದು ಆತ್ಮಕಥನ ಬರೆದರು. ಮುಗಿಸಿದ ಕೆಲವೇ ದಿನಕ್ಕೆ, 1885ರ ಜುಲೈನಲ್ಲಿ ತೀರಿಕೊಂಡರು. ಮಾರ್ಕ್ ಟ್ವೈನ್ ಪ್ರಕಟಿಸಿದ ಆ ಪುಸ್ತಕದಿಂದ ಹೆಂಡತಿ ಜೂಲಿಯಾಗೆ 4 ಲಕ್ಷ ಡಾಲರ್‌ಗೂ ಹೆಚ್ಚು ಬಂತು. ಆದರೆ ಕಥೆ ಯುದ್ಧಕ್ಕೇ ನಿಲ್ಲುತ್ತೆ. ಅಧ್ಯಕ್ಷರಾಗಿದ್ದ ಎಂಟು ವರ್ಷದ ಬಗ್ಗೆ ಹೆಚ್ಚುಕಡಿಮೆ ಮಾತೇ ಇಲ್ಲ.

ಆ ಖಾಲಿ ಜಾಗವನ್ನು ಬೇರೆಯವರು ತುಂಬಿದರು. ಕಪ್ಪು ಜನರಿಗೆ ವೋಟು ಕೊಟ್ಟಿದ್ದೇ ತಪ್ಪು ಅಂದುಕೊಂಡ ಇತಿಹಾಸಕಾರರಿಗೆ, ಆ ವೋಟು ಕಾಯಲು ಸೈನ್ಯ ಕಳಿಸಿದವರು ಬರೀ ಕುಡುಕರಾಗಿ ಕಂಡರು. 1935ರಲ್ಲಿ ಡಬ್ಲ್ಯೂ.ಇ.ಬಿ. ಡುಬಾಯ್ಸ್ ಆ ಕಾಲವನ್ನು ಕಪ್ಪು ಜನರ ಕಡೆಯಿಂದ ಬರೆದಾಗ ಹಳೆಯ ಕಥೆಗೆ ದೊಡ್ಡ ಸವಾಲು ಎದುರಾಯಿತು.

15ನೇ ತಿದ್ದುಪಡಿಯನ್ನು ಯಾರೂ ರದ್ದು ಮಾಡಲಿಲ್ಲ. ಆದರೂ ದಕ್ಷಿಣದ ಬಹುಪಾಲು ಕಪ್ಪು ಜನ ನಿರಾಳವಾಗಿ ವೋಟು ಹಾಕಲು 1965ರ ಕಾಯ್ದೆವರೆಗೆ ಕಾಯಬೇಕಾಯಿತು. ಹಕ್ಕು ಕಸಿಯಲು ಸಂವಿಧಾನ ಬದಲಿಸಲೇಬೇಕಂತಿಲ್ಲ. ಅದನ್ನು ಕಾಯುವವರಿಗೆ ಸುಸ್ತಾದರೆ ಸಾಕು.