ಗುರುವನ್ನು ಮರೆಯದ ಸಂಗೀತಗಾರ ಸ್ಕಾಟ್ ಜಾಪ್ಲಿನ್

ಅಮೆರಿಕದ ಟೆಕ್ಸಾಸ್ ಮತ್ತು ಅರ್ಕಾನ್ಸಾಸ್ ರಾಜ್ಯಗಳ ಗಡಿರೇಖೆಯ ಮೇಲೆಯೇ ಟೆಕ್ಸರ್ಕಾನಾ ಎಂಬ ಊರಿದೆ. ಊರು ಒಂದೇ, ರಾಜ್ಯಗಳು ಎರಡು. ಗಡಿನಾಡಿನವರಾದ ನಮಗೆ ಇದೇನೂ ವಿಚಿತ್ರವೆನಿಸದು. 1873ರಲ್ಲಿ ರೈಲುದಾರಿಯ ಜೊತೆಗೆ ಹುಟ್ಟಿದ ಈ ಊರಿನಲ್ಲಿ ಕೂಲಿಯವನ ಮಗನೊಬ್ಬನು ಕೇವಲ ಕಿವಿಯ ಬಲದಿಂದ ಪಿಯಾನೋ ನುಡಿಸಲು ಕಲಿತನು. ಅವನೇ ಮುಂದೆ ಲೋಕಪ್ರಸಿದ್ಧನಾದ ಸ್ಕಾಟ್ ಜಾಪ್ಲಿನ್.

ಸ್ಕಾಟ್ ಹುಟ್ಟಿದ್ದು 1868ರ ಸುಮಾರಿಗೆ, ಟೆಕ್ಸಾಸ್‌ನ ಈಶಾನ್ಯ ಭಾಗದಲ್ಲಿ. ಅಮೆರಿಕದಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1865ರಲ್ಲಿ. ತಂದೆ ಜೈಲ್ಸ್ ಗುಲಾಮನಾಗಿ ಬಾಳಿದವನು, ಪಿಟೀಲು ನುಡಿಸಬಲ್ಲವನು. ತಾಯಿ ಫ್ಲಾರೆನ್ಸ್ ಹಾಡುತ್ತಿದ್ದಳು, ಬ್ಯಾಂಜೋ ಎಂಬ ತಂತಿವಾದ್ಯವನ್ನೂ ನುಡಿಸುತ್ತಿದ್ದಳು. ಆ ಮನೆಯಲ್ಲಿ ಸಂಗೀತವೊಂದಕ್ಕೆ ಬಡತನವಿರಲಿಲ್ಲ. ತಂದೆ ರೈಲುದಾರಿಯಲ್ಲಿ ಕೂಲಿ ಮಾಡುತ್ತಿದ್ದನು. ಕೆಲವು ವರ್ಷಗಳಲ್ಲಿ ಅವನು ಸಂಸಾರವನ್ನು ತೊರೆದು ಹೋದನು. ಮಕ್ಕಳ ಭಾರವೆಲ್ಲ ತಾಯಿಯ ಮೇಲೆ ಬಿದ್ದಿತು.

ಫ್ಲಾರೆನ್ಸ್ ಬಿಳಿಯರ ಮನೆಗಳಲ್ಲಿ ಬಟ್ಟೆ ಒಗೆದು, ಕಸಮುಸುರೆ ಮಾಡಿ ಮಕ್ಕಳನ್ನು ಸಾಕಿದಳು. ಅಂಥ ಮನೆಯೊಂದರಲ್ಲಿ ಪಿಯಾನೋ ಇತ್ತು. ನಾವು ನೋಡಿರುವ ಹಾರ್ಮೋನಿಯಂನಂತೆ ಅದಕ್ಕೂ ಕಪ್ಪು-ಬಿಳಿ ಮನೆಗಳಿರುತ್ತವೆ. ಆದರೆ ಅದು ಗಾಳಿಯಿಂದ ನುಡಿಯುವುದಿಲ್ಲ. ಒತ್ತಿದೊಡನೆ ಒಳಗಿನ ಪುಟ್ಟ ಸುತ್ತಿಗೆ ತಂತಿಗೆ ಬಡಿದು ಸ್ವರ ಹೊರಡುತ್ತದೆ. ಮನೆಯವರ ಒಪ್ಪಿಗೆಯಿಂದ ಸ್ಕಾಟ್ ಅದರ ಮುಂದೆ ಕುಳಿತು, ಕೇಳಿದ ಹಾಡುಗಳನ್ನು ಹುಡುಕಿ ಹುಡುಕಿ ನುಡಿಸುತ್ತಿದ್ದನು.

ಇವನ ಪ್ರತಿಭೆಯನ್ನು ಗುರುತಿಸಿದವರು ಜೂಲಿಯಸ್ ವೈಸ್. ಅವರು ಜರ್ಮನಿಯ ಸ್ಯಾಕ್ಸನಿ ಪ್ರಾಂತದಿಂದ ಬಂದ ಯೆಹೂದಿ ಉಪಾಧ್ಯಾಯರು. ಟೆಕ್ಸರ್ಕಾನಾದಲ್ಲಿ ಮರದ ವ್ಯಾಪಾರಿಯೊಬ್ಬನ ಮಕ್ಕಳಿಗೆ ಮನೆಪಾಠ ಹೇಳುತ್ತಿದ್ದರು. ಬಿಳಿಯರು ಕರಿಯರನ್ನು ದೂರವಿಡುತ್ತಿದ್ದ ಕಾಲ ಅದು. ಆದರೂ ವೈಸ್ ಈ ಕರಿಯ ಬಾಲಕನನ್ನು ಕರೆದು, ಅವನ ಹನ್ನೊಂದನೆಯ ವಯಸ್ಸಿನಿಂದ ಹದಿನಾರರವರೆಗೆ ಬಿಡಿಗಾಸೂ ಪಡೆಯದೆ ಪಾಠ ಹೇಳಿದರು. ತಾಯಿಯು ಹಳೆಯ ಪಿಯಾನೋ ಒಂದನ್ನು ಕೊಳ್ಳಲೂ ನೆರವಾದರಂತೆ.

ಕಿವಿಯಿಂದಲೇ ಕಲಿತವನಿಗೆ ಗುರುವಿನ ಅಗತ್ಯವೇನು ಎಂದು ನೀವು ಕೇಳಬಹುದು. ಕಿವಿಯಿಂದ ಕಲಿತವನು ಕೇಳಿದ್ದನ್ನು ನುಡಿಸಬಲ್ಲನು; ಆದರೆ ತನ್ನ ಮನಸ್ಸಿನಲ್ಲಿ ಮೂಡಿದ್ದನ್ನು ಬರೆದಿಡಲಾರನು. ವೈಸ್ ಅವನಿಗೆ ಸ್ವರಲಿಪಿಯನ್ನೂ ಸ್ವರಗಳನ್ನು ಹೊಂದಿಸುವ ಕ್ರಮವನ್ನೂ ತಿಳಿಸಿ, ಯುರೋಪಿನ ದೊಡ್ಡ ಸಂಗೀತವನ್ನು, ಅದರಲ್ಲೂ ಗೀತನಾಟಕವಾದ ಆಪೆರಾವನ್ನು ಪರಿಚಯಿಸಿದರು. 1884ರಲ್ಲಿ ಆ ವ್ಯಾಪಾರಿ ತೀರಿಕೊಂಡ ಮೇಲೆ ವೈಸ್ ಊರು ಬಿಟ್ಟರು.

ಜಾಪ್ಲಿನ್ ಊರೂರು ತಿರುಗಿ ವಾದಕನಾದನು. ಮಿಸ್ಸೌರಿ ರಾಜ್ಯದ ಸೆಡೇಲಿಯಾದಲ್ಲಿ ನೆಲೆಸಿ, ಬೆಳೆದ ಮೇಲೂ ನಾಚದೆ ಅಲ್ಲಿನ ಜಾರ್ಜ್ ಆರ್. ಸ್ಮಿತ್ ಕಾಲೇಜಿನಲ್ಲಿ ಸಂಗೀತ ಕಲಿತನು. ಆರ್ಥರ್ ಮಾರ್ಷಲ್, ಸ್ಕಾಟ್ ಹೇಡನ್ ಎಂಬ ತರುಣರಿಗೆ ತಾನೂ ಕಲಿಸಿ, ಅವರೊಡನೆ ಕೂಡಿ ಕೃತಿಗಳನ್ನು ರಚಿಸಿದನು. ಅವನು ಹೆಸರಾದದ್ದು ರ‍್ಯಾಗ್‌ಟೈಮ್ ಎಂಬ ಶೈಲಿಯಲ್ಲಿ. ಇದಕ್ಕೂ ನಮ್ಮ ರಾಗಕ್ಕೂ ಸಂಬಂಧವಿಲ್ಲ. ಎಡಗೈ ತಾಳವನ್ನು ಸಮನಾಗಿ ಹಿಡಿದಿರುತ್ತದೆ. ಬಲಗೈ ತಾಳದ ಪೆಟ್ಟನ್ನು ತಪ್ಪಿಸಿ, ಮುಂದೆ ಹಿಂದೆ ಎತ್ತಿ ನುಡಿಸುತ್ತದೆ. 1899ರಲ್ಲಿ ಜಾನ್ ಸ್ಟಾರ್ಕ್ ಎಂಬ ವ್ಯಾಪಾರಿ ಅವನ ‘ಮೇಪಲ್ ಲೀಫ್ ರ‍್ಯಾಗ್’ ಕೃತಿಯನ್ನು ಅಚ್ಚು ಹಾಕಿಸಿದನು. ಪ್ರತಿಯೊಂದಕ್ಕೆ ಒಂದು ಸೆಂಟ್‌ನಂತೆ ಗೌರವಧನವೆಂದು ಕರಾರಾಯಿತು. ಕಾಲಕ್ರಮದಲ್ಲಿ ಲಕ್ಷಗಟ್ಟಲೆ ಪ್ರತಿಗಳು ಮಾರಾಟವಾದವು. ಬರೆಯಲು ಬಾರದ ಎಷ್ಟೋ ವಾದಕರ ಸಂಗೀತ ಅವರೊಡನೆಯೇ ಅಳಿಯಿತು, ಜಾಪ್ಲಿನ್‌ನದು ಉಳಿಯಿತು.

ಆದರೆ ಅವನ ದೊಡ್ಡ ಆಸೆ ಬೇರೆಯೇ ಇತ್ತು. ಅವನು ‘ಟ್ರೀಮೊನಿಶಾ’ ಎಂಬ ಆಪೆರಾ ಬರೆದನು. ಅದರ ಕಥೆ ನಡೆಯುವುದು 1884ರಲ್ಲಿ, ಟೆಕ್ಸರ್ಕಾನಾದ ಸಮೀಪದಲ್ಲೇ. ಮರದ ಕೆಳಗೆ ಸಿಕ್ಕಿದ ಹೆಣ್ಣುಮಗುವನ್ನು ಬಡ ದಂಪತಿಗಳು ಸಾಕುತ್ತಾರೆ. ಬಿಳಿಯ ಮಹಿಳೆಯೊಬ್ಬಳು ಅವಳಿಗೆ ಓದು ಕಲಿಸುತ್ತಾಳೆ. ಅದಕ್ಕೆ ಪ್ರತಿಯಾಗಿ ತಾಯಿ ಬಟ್ಟೆ ಒಗೆಯುತ್ತಾಳೆ, ತಂದೆ ಸೌದೆ ಒಡೆಯುತ್ತಾನೆ. ಓದಿದ ಆ ಹುಡುಗಿ ಮಾಟಮಂತ್ರಗಾರರ ಮೋಸವನ್ನು ಎದುರಿಸಿ, ಕೊನೆಗೆ ಅವರನ್ನು ಕ್ಷಮಿಸಿ, ತನ್ನ ಜನರ ನಾಯಕಿಯಾಗುತ್ತಾಳೆ. ತನ್ನ ತಾಯಿಯ ದುಡಿಮೆ, ಗುರುವಿನ ವಿದ್ಯಾದಾನ ಅವನ ಮನಸ್ಸಿನಿಂದ ಮರೆಯಾಗಿರಲಿಲ್ಲವೆಂದು ಈ ಕಥೆಯಿಂದಲೇ ತಿಳಿಯಬಹುದು.

ಪ್ರಕಾಶಕರು ಸಿಗದೆ 1911ರಲ್ಲಿ ತಾನೇ ಹಣ ಹಾಕಿ ಅಚ್ಚು ಹಾಕಿಸಿದನು. 1915ರಲ್ಲಿ ನ್ಯೂಯಾರ್ಕಿನಲ್ಲಿ ಪರದೆಯಿಲ್ಲದೆ, ವಾದ್ಯವೃಂದವಿಲ್ಲದೆ, ತಾನೊಬ್ಬನೇ ಪಿಯಾನೋ ನುಡಿಸಿ ಪ್ರದರ್ಶನ ಮಾಡಿಸಿದನು. ಜನ ಮೆಚ್ಚಲಿಲ್ಲ. ಕಾಯಿಲೆಯಿಂದ ನರಳಿ 1917ರ ಏಪ್ರಿಲ್ 1ರಂದು ಆಸ್ಪತ್ರೆಯಲ್ಲಿ ತೀರಿಕೊಂಡನು. 1974ರವರೆಗೆ ಅವನ ಸಮಾಧಿಯ ಮೇಲೆ ಹೆಸರಿನ ಕಲ್ಲೂ ಇರಲಿಲ್ಲ. 1970ರ ದಶಕದಲ್ಲಿ ಆ ಆಪೆರಾ ರಂಗಕ್ಕೆ ಬಂದು ಜನಮನ್ನಣೆ ಪಡೆಯಿತು. 1976ರಲ್ಲಿ ಮರಣೋತ್ತರವಾಗಿ ವಿಶೇಷ ಪುಲಿಟ್ಜರ್ ಪ್ರಶಸ್ತಿ ಸಂದಿತು.

ಜಾಪ್ಲಿನ್ ಗುರುವನ್ನು ಎಂದೂ ಮರೆಯಲಿಲ್ಲ. ವೈಸ್ ಮುದುಕರಾಗಿ ಕಾಯಿಲೆ ಬಿದ್ದಾಗ ಆಗಾಗ ಹಣ ಕಳುಹಿಸುತ್ತಿದ್ದನೆಂದು ಅವನ ಪತ್ನಿ ಲಾಟಿ ತಿಳಿಸಿದ್ದಾಳೆ. ಆದರೂ ಆ ಗುರುವಿನ ಹೆಸರು ಲೋಕಕ್ಕೆ ಬಹುಕಾಲ ತಿಳಿದಿರಲಿಲ್ಲ. ಯಾರೋ ಒಬ್ಬ ಜರ್ಮನ್ ಮೇಷ್ಟ್ರು ಎಂದಷ್ಟೇ ಎಲ್ಲರೂ ಹೇಳುತ್ತಿದ್ದರು. ವಿದ್ವಾಂಸರು ಹಳೆಯ ದಾಖಲೆಗಳನ್ನು ಶೋಧಿಸಿ ಅವರ ಹೆಸರನ್ನು ಬೆಳಕಿಗೆ ತಂದದ್ದು 1979ರಲ್ಲಿ.

ವಿದ್ಯಾರ್ಥಿಗಳೇ, ಕೇಳಿ ಕಲಿಯುವ ಶಕ್ತಿ ನಿಮ್ಮಲ್ಲಿ ಅನೇಕರಿಗಿದೆ. ಕೇಳಿದ್ದನ್ನು ಅಕ್ಷರದಲ್ಲಿ ಹಿಡಿದಿಡುವ ಶ್ರಮವನ್ನೂ ಮಾಡಿರಿ. ಪೋಷಕರೇ, ನಿಮ್ಮ ಮಗು ಮೇಜು ತಟ್ಟುತ್ತ ಹಾಡಿಕೊಂಡರೆ ಗದರಿಸುವ ಮುನ್ನ ಒಂದು ಗಳಿಗೆ ಕಿವಿಗೊಟ್ಟು ಕೇಳಿರಿ.